ಅರಿಶಿನದ ಬೊಟ್ಟು

"ಗುರುಗಳೇ, ಅಂತರ್ಜಾಲದಲ್ಲಿ ಹಲವರು ಸೇರಿ ಬರೆಯುವ ವಿಶ್ವಕೋಶಕ್ಕೆ ನಾನೂ ಕೈಹಚ್ಚಿದ್ದೇನೆ. ಏನು ತಿದ್ದಿದರೂ 'ಇದು ಸಣ್ಣ ತಿದ್ದುಪಡಿ' ಎಂದು ಗುರುತು ಹಾಕುತ್ತೇನೆ. ಉಳಿದವರಿಗೆ ನೋಡುವ ಶ್ರಮ ತಪ್ಪುತ್ತದೆ. ನನ್ನದು ದೊಡ್ಡದು ಎಂದುಕೊಳ್ಳಲು ನಾನು ಯಾರು? ವಿನಯ ಒಳ್ಳೆಯದೇ ಅಲ್ಲವೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ಛತ್ರದಲ್ಲಿ ದಾರಿಹೋಕರಿಗೆಂದು ಒಂದು ಪುಸ್ತಕ ಇತ್ತು. ಯಾವ ಊರಿಗೆ ಹೇಗೆ ಹೋಗಬೇಕು ಎಂದು ಅದರಲ್ಲಿ ಬರೆದಿತ್ತು. ಸುತ್ತಲಿನ ಹತ್ತು ಮಂದಿ ಅದನ್ನು ನೋಡಿಕೊಳ್ಳುತ್ತಿದ್ದರು. ಅವರಲ್ಲಿ ಯಾರು ಬೇಕಾದರೂ ತಿದ್ದಬಹುದು. ಮಾಸಿದ ಅಕ್ಷರವನ್ನು ಮತ್ತೆ ಬರೆದರೆ ಪಕ್ಕದಲ್ಲಿ ಅರಿಶಿನದ ಬೊಟ್ಟು; ಉಳಿದವರು ನೋಡಬೇಕಿಲ್ಲ. ದಾರಿಯನ್ನೇ ಬದಲಿಸಿದರೆ ಕುಂಕುಮದ ಬೊಟ್ಟು. ಉಳಿದವರು ನಡೆದು ನೋಡಿ ಹೌದೆನ್ನಬೇಕು.

ಆ ಹತ್ತು ಮಂದಿಯಲ್ಲಿ ಒಬ್ಬ ರೈತ. ಬಹಳ ವಿನಯದವನು. ಎಷ್ಟು ವಿನಯವೆಂದರೆ ಎದುರಿಗಿದ್ದವರಿಗೆ ಸುಸ್ತಾಗುತ್ತಿತ್ತು. ಅವನ ಊರಿನ ಪುಟದಲ್ಲಿ 'ಬಾವಿಯ ಹತ್ತಿರ ಬಲಕ್ಕೆ ತಿರುಗಿ' ಎಂದಿತ್ತು. ಅವನು ಊರಿನಿಂದ ಛತ್ರಕ್ಕೆ ಬರುವಾಗ ದಿನವೂ ಎಡಕ್ಕೆ ತಿರುಗುತ್ತಿದ್ದ. ಛತ್ರದಿಂದ ಹೋಗುವವರಿಗೆ ಅದು ಬಲ ಎಂದು ಅವನಿಗೆ ಹೊಳೆಯಲೇ ಇಲ್ಲ. 'ಎಡಕ್ಕೆ' ಎಂದು ತಿದ್ದಿ, ನನ್ನದೇನು ಮಹಾ ಎಂದು ಅರಿಶಿನ ಇಟ್ಟ. ಒಂಬತ್ತು ಮಂದಿ ಹಳದಿ ಕಂಡು ಪುಟ ಮಗುಚಿದರು.

ಮರುವಾರ ಅವನ ಮಗಳ ಮದುವೆ. ಗಂಡಿನ ಕಡೆಯವರು ಛತ್ರದಲ್ಲಿ ಪುಸ್ತಕ ನೋಡಿ ಹೊರಟರು. ಎಡಕ್ಕೆ ತಿರುಗಿ ಬೇರೆ ಊರು ಸೇರಿದರು. ಅಲ್ಲಿಯೂ ಒಂದು ಚಪ್ಪರ ಇತ್ತು. ಬಂದವರನ್ನು ಕೂರಿಸಿ ಎಲೆ ಹಾಕಿದರು. ಪಾಯಸದ ಹೊತ್ತಿಗೆ ಅದು ನಾಮಕರಣ ಎಂದು ತಿಳಿಯಿತು. ಇತ್ತ ಮುಹೂರ್ತ ಮೀರಿತು. ಮಗಳು ಹಸೆಮಣೆಯ ಮೇಲೆ ಒಬ್ಬಳೇ ಕೂತು ಅತ್ತಳು.

ರೈತ ಛತ್ರಕ್ಕೆ ಓಡಿ ಬಂದು ಕೂಗಾಡಿದ: "ಇಷ್ಟು ಜನ ಇದ್ದೀರಿ, ಒಬ್ಬರಾದರೂ ನೋಡಬಾರದಿತ್ತೇ?"

"ನೋಡಬೇಕಿಲ್ಲ ಎಂದು ನೀನೇ ಬೊಟ್ಟು ಇಟ್ಟಿದ್ದೀಯಲ್ಲಪ್ಪಾ" ಎಂದ ಆ ಒಂಬತ್ತು ಮಂದಿಯಲ್ಲಿ ಒಬ್ಬ ಮುದುಕ.

ಮದುವೆ ಮಾರನೆಯ ದಿನದ ಮುಹೂರ್ತದಲ್ಲಿ ನಡೆಯಿತು. ಅಡುಗೆ ಎರಡು ಸಲ ಆಯಿತು. ಆಮೇಲೆ ರೈತ ಬಂದು ಆ ಸಾಲನ್ನು ಇನ್ನೊಮ್ಮೆ ತಿದ್ದಿದ. ಒಂದೇ ಪದ ತಾನೇ ಎಂದು ಮತ್ತೆ ಅರಿಶಿನವನ್ನೇ ಇಟ್ಟ. ಪಾಪ, ಪೆಟ್ಟು ತಿಂದವನು ಎಂದು ಉಳಿದವರೂ ನೋಡಲು ಹೋಗಲಿಲ್ಲ.

ಶಿಷ್ಯ ನಕ್ಕುಬಿಟ್ಟ. "ಯಾರೂ ಬುದ್ಧಿ ಕಲಿಯಲಿಲ್ಲ ನೋಡಿ! ಹೋಗಲಿ, ಈ ಸಲವಾದರೂ ಅವನು ಸರಿಯಾಗಿ ತಿದ್ದಿದನಲ್ಲ."

"ಸರಿಯಾಗಿ ತಿದ್ದಿದ ಎಂದು ನಾನೆಲ್ಲಿ ಹೇಳಿದೆ?" ಎಂದರು ಗುರು.