ಹಾಲವ್ವನ ಅಕ್ಷರದ ಫೋನು

ಹಾಲವ್ವನಿಗೆ ಕಿವಿ ಕೇಳದು. ಮಗ ಕೊಟ್ರನಿಗೆ ಕೇಳುತ್ತದೆ. ಅಷ್ಟೇ.

ಮಗಳು ನೀಲವ್ವ ಊರಿನ ಆ ತುದಿಯಲ್ಲಿದ್ದಳು. ತುಂಬಿದ ಬಸುರಿ. ಎಮ್ಮೆ ಬಿಟ್ಟು ತವರಿಗೆ ಬರಲಾರಳು. ಗಂಡ ಲಾರಿಯ ಮೇಲೆ ದೂರ ಹೋಗಿದ್ದ. ಹೋಗುವ ಮುಂಚೆ ತನ್ನ ಮನೆಯಲ್ಲೊಂದು, ಹಾಲವ್ವನ ಮನೆಯಲ್ಲೊಂದು ಅಕ್ಷರದ ಫೋನು ಇಟ್ಟು ಹೋದ. ಅಲ್ಲಿ ಮಗಳು ಗುಂಡಿ ಒತ್ತಿದರೆ ಇಲ್ಲಿ ಕಾಗದದ ಸುರುಳಿಯ ಮೇಲೆ ಅಕ್ಷರ ಬೀಳುತ್ತಿತ್ತು. ನೋವು ಶುರುವಾದರೆ ಹಾಲವ್ವನಿಗೆ ಗೊತ್ತಾಗಲು ಬೇರೆ ದಾರಿಯಿಲ್ಲ.

"ಕೊಟ್ರಾ, ನಾನು ಕಣಕ್ಕೆ ಹೋಗಿ ಬರ್ತೀನಿ. ಫೋನಿನ ಹತ್ತಿರ ಕೂತಿರು."

ಕೂತ. ಪ್ಲಗ್ಗು ಕಳಚಿ ಬಿತ್ತು. ಒಳಗಿನ ಬ್ಯಾಟರಿ ಇಳಿದು ದೀಪ ಆರಿತು. ಅವ್ವ ವಾಪಸ್ ಬಂದಾಗಲೂ ಕೂತೇ ಇದ್ದ.

"ದೀಪ ಆರಿದೆಯಲ್ಲೋ!"

ಮಗನ ತುಟಿ ನೋಡಿ ಮಾತು ತಿಳಿಯುತ್ತಿದ್ದಳು ಹಾಲವ್ವ.

"ಕೂತಿರು ಅಂದೆ, ಕೂತಿದ್ದೆ."

"ಅಯ್ಯೋ ದಡ್ಡಾ! ಪ್ಲಗ್ಗು ಗೋಡೆಗೆ ಗಟ್ಟಿಯಾಗಿ ಒತ್ತಬೇಕು!"

"ಹೂಂ ಅವ್ವಾ, ಇನ್ನು ಹಾಗೇ ಮಾಡ್ತೀನಿ."

ಮರುದಿನ ದೀಪ ಉರಿಯಿತು, ಕಾಗದ ಓಡಿತು, ಅಕ್ಷರ ಮಾತ್ರ ಇಲ್ಲ. ಕೊಟ್ರ ಪ್ಲಗ್ಗು ಒತ್ತಿದ. ಅವ್ವ ಬರುವವರೆಗೂ ಒತ್ತಿಕೊಂಡೇ ನಿಂತಿದ್ದ, ಬೆವರು ಸುರಿಸುತ್ತ.

"ಎಲೋ, ದೀಪ ಇದೆಯಲ್ಲೋ! ಕಾಗದ ತಿರುವುಮುರುವಾಗಿದೆ. ಹೊಳೆಯೋ ಮೈ ಮೇಲೆ ಬರಬೇಕು. ತೆಗೆದು ಮಗುಚಿ ಹಾಕಬೇಕು!"

"ಹೂಂ ಅವ್ವಾ, ಇನ್ನು ಹಾಗೇ ಮಾಡ್ತೀನಿ."

ಆಮೇಲೊಂದು ದಿನ ಕರೆಂಟು ಹೋಯಿತು. ಬ್ಯಾಟರಿ ಇಳಿಯಿತು. ಅಕ್ಷರ ಮಂಕಾಯಿತು, ಕೆಂಪು ದೀಪ ಮಿಣುಕಿತು. ಕೊಟ್ರ ಫೋನನ್ನೇ ಎತ್ತಿ ರೊಟ್ಟಿಯಂತೆ ಮಗುಚಿ ಹಾಕಿದ. ಗುಂಡಿಗಳೆಲ್ಲ ನೆಲಕ್ಕೆ ಒತ್ತಿಕೊಂಡವು. ಆ ತುದಿಯಲ್ಲಿ ನೀಲವ್ವನ ಮನೆಯಲ್ಲಿ ಮೊಳಗಟ್ಟಲೆ ಹುಚ್ಚು ಅಕ್ಷರ. ಅವಳು ಹೆದರಿ, ಹೊಟ್ಟೆ ಹಿಡಿದುಕೊಂಡು ನಡೆದೇ ಬಂದಳು.

ಹಾಲವ್ವ ಹಣೆ ಚಚ್ಚಿಕೊಂಡಳು. "ನಿನ್ನ ತಲೆ ಮಗುಚಿ ಹಾಕ್ತೀನಿ ನೋಡು! ಅದಕ್ಕೆ ಹಸಿವು. ಕರೆಂಟು ಬಂದಮೇಲೆ ಹೊಟ್ಟೆ ತುಂಬೋ ತನಕ ಮುಟ್ಟದೆ ಬಿಡಬೇಕು!"

"ಹೂಂ ಅವ್ವಾ, ಇನ್ನು ಹಾಗೇ ಮಾಡ್ತೀನಿ."

ಕರೆಂಟು ಬಂತು, ಬ್ಯಾಟರಿ ತುಂಬಿತು. ಒಂದು ದಿನ ಕಾಗದ ಬಾಯಲ್ಲಿ ಸಿಕ್ಕಿಕೊಂಡು ಫೋನು ಗರಗರ ನರಳಿತು. ಕೊಟ್ರ ಮುಟ್ಟಲಿಲ್ಲ. ಸುರುಳಿಯೆಲ್ಲ ಒಳಗೆ ಶಾವಿಗೆಯಾಯಿತು. ಮುಟ್ಟಲಿಲ್ಲ. ಸುಟ್ಟ ವಾಸನೆ ಬಂತು. ಆಗಲೂ ಮುಟ್ಟಲಿಲ್ಲ.

"ನರಳ್ತಾ ಇತ್ತು. ಹೊಟ್ಟೆ ತುಂಬ್ತಾ ಇತ್ತು ಅವ್ವಾ."

ಹಾಲವ್ವ ತಾನೇ ಹೊತ್ತುಕೊಂಡು ಹೋಗಿ ಖಾಜಾಸಾಬನ ರಿಪೇರಿ ಅಂಗಡಿಯಲ್ಲಿ ಸರಿಮಾಡಿಸಿ ತಂದಳು. ತಂದವಳೇ ಮಗನ ಕಿವಿ ಹಿಂಡಿದಳು.

"ಕೇಳಿಸ್ಕೋ ಪುಣ್ಯಾತ್ಮಾ! ಇನ್ನು ಮೇಲೆ ನರಳಿದರೆ ನೀನು ಕೈ ಹಾಕಬೇಡ. ಆಟೋದಲ್ಲಿ ಇಟ್ಕೊಂಡು ಖಾಜಾಸಾಬಗೆ ಒಯ್ದು ಕೊಡು. ಅವನು ಸರಿಮಾಡಿ ಕೊಡೋ ತನಕ ಅಲ್ಲೇ ನಿಲ್ಲು!"

"ಹೂಂ ಅವ್ವಾ, ಇನ್ನು ಹಾಗೇ ಮಾಡ್ತೀನಿ."

ಮರುದಿನ ಬೆಳಿಗ್ಗೆ ಅಕ್ಷರ ಬಿತ್ತು. ಕಪ್ಪಗೆ, ಸ್ವಚ್ಛ. "ಅವ್ವಾ, ನೋವು ಬಂತು. ಬೇಗ ಬಾ."

"ಕೊಟ್ರಾ, ನೀನು ಮೊದಲು ಓಡು! ಹಳೇ ಸೀರೆ ತಗೊಂಡು ಹಿಂದೇನೇ ಬಂದೆ."

ಓಡಿದ. ನೀಲವ್ವ ನರಳುತ್ತಿದ್ದಳು. ಕೊಟ್ರ ಕೈ ಹಾಕಲಿಲ್ಲ. ಆಟೋ ಕರೆದ.

"ಆಸ್ಪತ್ರೆಗೆ ಬಿಡಪ್ಪಾ!" ಅಂದಳು ನೀಲವ್ವ.

"ರಿಪೇರಿ ಅಂಗಡಿಗೆ!" ಅಂದ ಕೊಟ್ರ. "ಅವ್ವ ಹೇಳಿದಾಳೆ."

ಆಟೋದವನು ದಾರಿಯಲ್ಲೇ ಎದುರಿಗೆ ಕಂಡ ಖಾಜಾಸಾಬನ ಅಂಗಡಿಯ ಮುಂದೆ ನಿಲ್ಲಿಸಿಬಿಟ್ಟ. ಅಲ್ಲಿಂದ ಮುಂದೆ ಹೋಗಲು ನೀಲವ್ವನಿಗೆ ಹೊತ್ತಿರಲಿಲ್ಲ.

"ಖಾಜಾಣ್ಣ, ನರಳ್ತಾ ಇದೆ. ನಾನು ಕೈ ಹಾಕಿಲ್ಲ."

"ಯಾ ಅಲ್ಲಾ!" ಖಾಜಾಸಾಬ ಬಿಚ್ಚಿದ ರೇಡಿಯೋ ಬಿಟ್ಟು ಹೆಂಡತಿಯನ್ನು ಕೂಗಿದ. ಅವಳು ಹಿಂದಿನ ಮನೆಯಿಂದ ಬಂದಳು, ಪಕ್ಕದ ಮನೆಯ ಹೆಂಗಸರು ಬಂದರು. ಗಂಡಸರನ್ನೆಲ್ಲ ಹೊರಗೆ ತಳ್ಳಿ ಶಟರ್ ಎಳೆದರು.

ಹಾಲವ್ವ ಮಗಳ ಮನೆಗೆ ಹೋದಳು. ಇಲ್ಲ. ಆಸ್ಪತ್ರೆಗೆ ಹೋದಳು. ಇಲ್ಲ. ಹಳೇ ಸೀರೆ ಹಿಡಿದುಕೊಂಡು ಬೀದಿ ಬೀದಿ ತಿರುಗಿದಳು. ಕೊನೆಗೆ ಕೊಟ್ರ ಕಂಡ. ಅಂಗಡಿಯ ಮುಂದೆ ಅಲ್ಲಾಡದೆ ನಿಂತಿದ್ದ.

"ಎಲ್ಲೋ ನಿನ್ನ ತಂಗಿ?"

ಒಳಗೆ ಮಗು ಕಿರುಚುತ್ತಿತ್ತು. ಹಾಲವ್ವನಿಗೆ ಕೇಳದು. ಮಗನ ತುಟಿ ನೋಡಿದಳು.

"ಒಳ್ಳೇ ಮೇಸ್ತ್ರಿ ಅವ್ವಾ," ಅಂದ ಕೊಟ್ರ. "ಒಂದು ಕೊಟ್ಟರೆ ಎರಡು ವಾಪಸ್ ಕೊಡ್ತಾನೆ!"