ಬೆಳ್ಳಗೆ ಉಳಿದ ಪಂಚೆ

"ಗುರುಗಳೇ, ಸಾವಿರ ಜನರಲ್ಲಿ ಹತ್ತು ಜನ ಕೆಟ್ಟದಾಗಿ ನಡೆದುಕೊಂಡರೆ ಉಳಿದವರೂ ತಲೆ ತಗ್ಗಿಸಬೇಕೇ?" ಎಂದು ಶಿಷ್ಯ ಕೇಳಿದ.

ಅವನು ಪೇಟೆಯ ಮೈದಾನದಲ್ಲಿ ಫುಟ್‌ಬಾಲ್ ನೋಡಿಕೊಂಡು ನೇರವಾಗಿ ಮಠಕ್ಕೆ ಬಂದಿದ್ದ. ಚಾಪೆಯನ್ನು ಕೊಡವಿ, ಬಿಳಿ ಜುಬ್ಬದ ಅಂಚು ಎತ್ತಿಕೊಂಡು ಕುಳಿತ.

"ಏನು ನಡೆಯಿತು?" ಎಂದರು ಗುರು.

"ಎದುರು ತಂಡದ ಕಡೆಯವರು ಒಂದು ಬಸ್ಸು ಜನ ಬಂದಿದ್ದರು. ಮುದುಕರೂ ಇದ್ದರು, ಹೆಂಗಸರೂ ಇದ್ದರು. ನಮ್ಮವರಲ್ಲಿ ಹತ್ತು ಜನ ಹೊಂಡದ ಕೆಸರುನೀರು ಮೊಗೆದು ಅವರ ಮೇಲೆ ಎರಚಿದರು. ಬಾಯಿಗೆ ಬಂದಂತೆ ಬೈದರು. ನಾನು ಅಲ್ಲೇ ಪಕ್ಕದಲ್ಲಿದ್ದೆ. ಕೈ ಎತ್ತಲಿಲ್ಲ. ನನ್ನಂಥವರೇ ಹೆಚ್ಚು. ಈಗ ಜನ ನಮ್ಮನ್ನೆಲ್ಲ ಸೇರಿಸಿ ಉಗಿಯುತ್ತಿದ್ದಾರೆ. ಇದು ನ್ಯಾಯವೇ?"

ಗುರು ಒಂದು ಕತೆ ಹೇಳಿದರು.

ಕೆಳಗಿನೂರಿನಲ್ಲಿ ಒಬ್ಬ ಮಡಿವಾಳನಿದ್ದ. ಒದ್ದೆ ಪಂಚೆ ಹಿಂಡಲು ಇಬ್ಬರು ಬೇಕು. ಒಂದು ತುದಿಯನ್ನು ಅವನು ಹಿಡಿಯುತ್ತಿದ್ದ, ಇನ್ನೊಂದನ್ನು ಅವನ ಹೆಂಡತಿ. ಹಾಗೆ ಇಪ್ಪತ್ತೆರಡು ವರ್ಷ ನಡೆಯಿತು. ಆಮೇಲೆ ಅವಳು ತೀರಿಕೊಂಡಳು. ಅಂದಿನಿಂದ ಅವನು ಆ ತುದಿಯನ್ನು ಹೊಂಗೆ ಮರಕ್ಕೆ ಕಟ್ಟಿ ಹಿಂಡುತ್ತಿದ್ದ. ಮರ ಹಿಡಿದುಕೊಳ್ಳುತ್ತದೆ. ತಿರುಚುವುದಿಲ್ಲ.

ಅವಳ ಕಡೆಯಿಂದ ಅವನಿಗೆ ಉಳಿದಿದ್ದವನು ಒಬ್ಬ ಭಾವ, ಅವಳ ಅಣ್ಣ. ಅವನೂ ಮಡಿವಾಳನೇ, ಮೇಲೂರಿನವನು. ವರ್ಷಕ್ಕೊಮ್ಮೆ ಚೆಂಡಾಟದ ದಿನ ಬಂದು ತಂಗಿಯ ಮನೆಯಲ್ಲಿ ಉಂಡು ಹೋಗುತ್ತಿದ್ದ. ತಂಗಿ ಹೋದ ಮೇಲೂ ತಪ್ಪಿಸಿರಲಿಲ್ಲ. ಅಂದು ಮಡಿವಾಳ ಎರಡು ಎಲೆ ಹಾಕುತ್ತಿದ್ದ. ಉಳಿದ ದಿನಗಳಲ್ಲಿ ಒಂದೇ.

ನಾಟಿಗೆ ಮೊದಲು, ಉತ್ತು ನೀರು ಕಟ್ಟಿದ ಗದ್ದೆಯಲ್ಲಿ ಎರಡೂ ಊರಿನವರು ಚೆಂಡು ಒದೆಯುತ್ತಿದ್ದರು. ಆಡುವವರು ಕೆಸರಲ್ಲಿ ಮುಳುಗಿ ಏಳುತ್ತಿದ್ದರು. ನೋಡುವವರು ಬದುವಿನ ಮೇಲೆ ಕೂರುತ್ತಿದ್ದರು. ಅದಕ್ಕೊಂದು ಕಟ್ಟಳೆ ಇತ್ತು. ನೋಡಲು ಬರುವ ಮೇಲೂರಿನವರು ಒಗೆದ ಬಿಳಿ ಪಂಚೆ ಉಟ್ಟು ಬರಬೇಕು. ಮರಳುವಾಗಲೂ ಅದು ಬೆಳ್ಳಗೇ ಇರಬೇಕು. ದಿನವಿಡೀ ಕೆಸರಿನ ಪಕ್ಕ ಕೂತವನು ಹಾಗೆ ಮನೆ ಸೇರಿದರೆ ಕರೆದ ಊರಿಗೆ ಮರ್ಯಾದೆ. ಕರೆದವರೂ ಬಿಳಿಯನ್ನೇ ಉಡುತ್ತಿದ್ದರು.

ಒಂದು ವರ್ಷ ಮೇಲೂರು ಗೆದ್ದಿತು. ಕೆಳಗಿನೂರಿನ ಹತ್ತು ಜನಕ್ಕೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಬದುವಿನ ಅಂಚಿಗೆ ಬಂದು ನಿಂತರು.

"ಏನ್ರಪ್ಪಾ ಕೊಕ್ಕರೆಗಳಾ, ಮೀನು ಹಿಡಿದಿರಿ, ಸರಿ. ಕಾಲಿಗೆ ಕೆಸರು ಹತ್ತದೆ ಹೋದರೆ ನಿಮ್ಮ ಹೆಂಡಿರು ನಂಬುತ್ತಾರಾ?" ಎಂದ ಒಬ್ಬ.

ಇನ್ನೊಬ್ಬ ಬಗ್ಗಿ ಕೆಸರು ಬಾಚಿ ಎಸೆದ. ಆಮೇಲೆ ಹತ್ತೂ ಜನ ಎಸೆದರು. ಮೊದಲ ಮುದ್ದೆ ಭಾವನ ಮುಖಕ್ಕೆ ಬಿತ್ತು. ಅವನು ಒರೆಸಿಕೊಂಡ. ಎರಡನೆಯದು ಎದೆಗೆ ಬಿತ್ತು. ಒರೆಸಿಕೊಳ್ಳಲಿಲ್ಲ. ತನ್ನವರ ಜೊತೆ ಎದ್ದು ಹೋದ.

ಮಡಿವಾಳನ ಮನೆಯಲ್ಲಿ ಎರಡು ಎಲೆ ಹಾಗೇ ಇದ್ದವು. ಅವನೂ ಉಣ್ಣಲಿಲ್ಲ.

ಮರುದಿನ ಅವನು ಮನೆ ಮನೆಯ ಬಟ್ಟೆ ತಂದು ಒಗೆಯುವ ಕಲ್ಲಿನ ಬಳಿ ಹರಡಿದ. ಮಡಿವಾಳನ ಹತ್ತಿರ ಯಾರೂ ಏನನ್ನೂ ಮುಚ್ಚಿಡಲಾಗದು. ಆಡಿದವರ ಬಟ್ಟೆ ಬೇರೆ ಇಟ್ಟು ನೋಡಿದರೆ, ಹತ್ತು ಅಂಗಿಗಳ ತೋಳಿನಲ್ಲಿ ಕೆಸರು ಮೆತ್ತಿತ್ತು. ಉಳಿದ ನೂರು ಮನೆಗಳ ಬಟ್ಟೆ ಬೆಳ್ಳಗಿತ್ತು. ಅವನಿಗೆ ಜೀವ ಬಂದಂತಾಯಿತು. ಮಾತು ಸುಳ್ಳಾಡೀತು, ಬಟ್ಟೆ ಆಡುವುದಿಲ್ಲ. ಇದನ್ನು ತೋರಿಸಿದರೆ ಭಾವ ನಂಬಿಯಾನು ಅಂದುಕೊಂಡ.

ಊರ ಯಜಮಾನನಿಗೂ ಅದು ಹಿಡಿಸಿತು. "ಒಗೆಯಬೇಡ, ಹಾಗೇ ಒಯ್ದು ತೋರಿಸು. ಭತ್ತದ ರಾಶಿಯಲ್ಲಿ ಹತ್ತು ಜೊಳ್ಳಿದ್ದರೆ ರಾಶಿಯನ್ನೇ ಜೊಳ್ಳು ಅನ್ನುತ್ತಾರೆಯೇ?" ಎಂದ.

ಮಡಿವಾಳ ನೂರು ಪಂಚೆಗಳ ಗಂಟನ್ನು ಕತ್ತೆಯ ಮೇಲೆ ಹೇರಿಕೊಂಡು ಮೇಲೂರಿಗೆ ಹೋದ. ಭಾವ ತನ್ನ ಕಲ್ಲಿನ ಮುಂದೆ ಮೊಣಕಾಲ ನೀರಿನಲ್ಲಿ ನಿಂತಿದ್ದ. ಊರಿನವರ ಪಂಚೆಗಳನ್ನು ಎರಡು ಸಲ ಉಬ್ಬೆ ಹಾಕಿ ಬೇಯಿಸಿದ್ದ. ಕೆಸರಿನ ಕಲೆ ಹೋಗಿರಲಿಲ್ಲ.

ಮಡಿವಾಳ ಗಂಟು ಬಿಚ್ಚಿದ. "ನೋಡು ಭಾವ. ಎಸೆದವರು ಹತ್ತೇ ಜನ. ಇವು ಉಳಿದವರವು. ಒಂದು ಚುಕ್ಕೆ ಇದ್ದರೆ ತೋರಿಸು."

ಭಾವ ಕೈ ಒರೆಸಿಕೊಂಡು ಬಂದ. ಒಂದೊಂದಾಗಿ ಮಗುಚಿ ನೋಡಿದ. ಅವನೂ ಬಟ್ಟೆ ಬಲ್ಲವನು.

"ಚೆನ್ನಾಗಿವೆ. ಇದರಲ್ಲಿ ನಮಗೆ ಅಡ್ಡ ಬಂದು ನಿಂತವನ ಪಂಚೆ ಯಾವುದು ಭಾವ?" ಎಂದ.

ಮಡಿವಾಳ ಹುಡುಕಿದ. ನೂರನ್ನೂ ತಿರುವಿ ಹಾಕಿದ. ಕೊನೆಗೆ ತನ್ನದೇ ಪಂಚೆ ಕೈಗೆ ಬಂತು. ಅದು ಎಲ್ಲಕ್ಕಿಂತ ಬೆಳ್ಳಗಿತ್ತು. ಅಂದು ಕೆಸರು ಹಾರತೊಡಗಿದಾಗ ಸಿಡಿದೀತೆಂದು ಅವನು ಎರಡು ಹೆಜ್ಜೆ ಹಿಂದಕ್ಕೆ ಸರಿದಿದ್ದ.

ಅವನು ಅದನ್ನು ಮಡಿಸಿ ಭಾವನ ಕೈಗೆ ಕೊಟ್ಟ.

"ಇದು ನನ್ನದು. ಇಲ್ಲೇ ಇಟ್ಟುಕೊ. ಮುಂದಿನ ಆಟದ ದಿನ ನಾನು ಉಡುವುದು ಇದನ್ನೇ. ನೀನೇ ತಂದು ಕೊಡಬೇಕು," ಎಂದ.

ಭಾವ ಬರುತ್ತೇನೆ ಎನ್ನಲಿಲ್ಲ. ಪಂಚೆಯನ್ನು ಮಾತ್ರ ತನ್ನ ಗಂಟಿನೊಳಗೆ ಇಟ್ಟ.

ವರ್ಷ ಕಳೆಯಿತು. ಮತ್ತೆ ಗದ್ದೆಗೆ ನೀರು ಕಟ್ಟಿದರು. ಮೇಲೂರಿನಿಂದ ಆಡುವವರು ಬಂದರು. ನೋಡಲು ಯಾರೂ ಬರಲಿಲ್ಲ. ಬದುವಿನ ಆ ಕಡೆ ಖಾಲಿ ಇತ್ತು. ಮಡಿವಾಳ ದಾರಿ ನೋಡುತ್ತಾ ನಿಂತ. ಮನೆಯಲ್ಲಿ ಎರಡು ಎಲೆ ಹಾಕಿ ಬಂದಿದ್ದ.

ಆಟ ಶುರುವಾಗುವ ಹೊತ್ತಿಗೆ ಭಾವ ಒಬ್ಬನೇ ಬಂದ. ಹೆಗಲ ಮೇಲೆ ಆ ಪಂಚೆ ಇತ್ತು. ಮಡಿಕೆ ಬಿಚ್ಚದೆ ಮಡಿವಾಳನ ಕೈಗೆ ಕೊಟ್ಟು, ಖಾಲಿ ಬದುವಿನ ನಡುವೆ ಹೋಗಿ ಕುಳಿತ. ಮಡಿವಾಳ ಮರೆಗೆ ಹೋಗಿ ಅದನ್ನು ಉಟ್ಟು ಬಂದ.

ಆ ವರ್ಷವೂ ಮೇಲೂರೇ ಗೆದ್ದಿತು. ಅದೇ ಹತ್ತು ಜನ ಎದ್ದರು.

"ಒಂದೇ ಕೊಕ್ಕರೆ ಬಂದಿದೆಯಲ್ಲೋ. ಹತ್ತು ಕೈಗೆ ಸಾಲುತ್ತದಾ?"

ಮಡಿವಾಳ ಬದುವಿನಿಂದ ಗದ್ದೆಗೆ ಇಳಿದ. ಮೊಣಕಾಲ ತನಕ ಹೂತುಕೊಂಡ. ಹೆಜ್ಜೆ ಕಿತ್ತು ಕಿತ್ತು ಇಡುತ್ತಾ ಹೋಗಿ ಭಾವನ ಮುಂದೆ ನಿಂತ.

"ಮಡಿವಾಳಪ್ಪಾ, ಆಚೆ ಸರಿ. ನೆಂಟನಿಗೆ ಪ್ರಸಾದ ಕೊಡುವುದು ಬೇಡವೇ?"

"ಎಸೆ. ಹೇಗೂ ನಾಳೆ ಒಗೆಯುವವನು ನಾನೇ," ಎಂದ ಮಡಿವಾಳ.

ಒಂದು ಮುದ್ದೆ ಬಂದು ಅವನ ಎದೆಗೆ ಬಿತ್ತು. ಅವನು ಅಲುಗಲಿಲ್ಲ. ಇನ್ನೊಂದು ಬಿತ್ತು. ಬದುವಿನ ಮೇಲೆ ಯಾರೋ ನಕ್ಕರು, ಅರ್ಧಕ್ಕೇ ನಿಲ್ಲಿಸಿದರು.

ಆಗ ಯಜಮಾನ ಎದ್ದ. ಎಪ್ಪತ್ತು ದಾಟಿದ ಮುದುಕ. ಪಂಚೆ ಎತ್ತಿ ಕಟ್ಟಲೂ ಇಲ್ಲ. ಹಾಗೇ ಗದ್ದೆಗೆ ಇಳಿದು ಬಂದು ಮಡಿವಾಳನ ಪಕ್ಕ ನಿಂತ. ಅವನ ಹಿಂದೆ ಒಬ್ಬ ರೈತ ಇಳಿದ. ಆ ರೈತನ ಮಗ ಹತ್ತು ಜನರಲ್ಲಿ ಒಬ್ಬ, ಕೈಯಲ್ಲಿ ಕೆಸರು ಹಿಡಿದಿದ್ದ. ಆಮೇಲೆ ಒಬ್ಬೊಬ್ಬರಾಗಿ ಇಳಿದರು. ಕೆಸರಿನಲ್ಲಿ ಕಾಲು ಕೀಳುವ ಸದ್ದು ಮಾತ್ರ ಕೇಳುತ್ತಿತ್ತು.

ಕೆಸರು ಹಿಡಿದವರಿಗೆ ಈಗ ಎಸೆಯಬೇಕಾದ ಕಡೆ ಕಂಡದ್ದು ತಮ್ಮ ಅಪ್ಪಂದಿರ ಮುಖ, ಚಿಕ್ಕಪ್ಪಂದಿರ ಮುಖ. ಮೊದಲು ರೈತನ ಮಗನ ಕೈ ಸಡಿಲವಾಯಿತು. ಆಮೇಲೆ ಉಳಿದವರದು. ಗದ್ದೆಯ ಕೆಸರು ಗದ್ದೆಗೇ ಬಿತ್ತು.

ಅಂದು ಭಾವ ಮಡಿವಾಳನ ಮನೆಗೆ ಬಂದು ಉಂಡ. ಭಾವ ಉಟ್ಟಿದ್ದ ಪಂಚೆ ಬಂದಾಗ ಹೇಗೆ ಬೆಳ್ಳಗಿತ್ತೋ ಹಾಗೇ ಇತ್ತು. ಆ ರಾತ್ರಿ ಅಲ್ಲೇ ಉಳಿದ.

ಮರುದಿನ ಕಲ್ಲಿನ ಬಳಿ ಕೆಳಗಿನೂರಿನ ಪಂಚೆಗಳೆಲ್ಲ ರಾಶಿ ಬಿದ್ದವು. ಅಷ್ಟು ಕೊಳೆ ಬಟ್ಟೆ ಮಡಿವಾಳ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ನಗುನಗುತ್ತಾ ಒಗೆದ. ಹಿಂಡುವ ಹೊತ್ತಿಗೆ ಎಂದಿನಂತೆ ಹೊಂಗೆ ಮರದ ಕಡೆ ತಿರುಗಿದ. ಪಂಚೆಯ ಆ ತುದಿಯನ್ನು ಭಾವ ಆಗಲೇ ಹಿಡಿದಿದ್ದ. ಅವನು ಬಲಕ್ಕೆ ತಿರುಚಿದ, ಇವನು ಎಡಕ್ಕೆ. ನೀರು ಪೂರ್ತಿ ಇಳಿಯಿತು.

ಗುರು ಕತೆ ನಿಲ್ಲಿಸಿದರು.

"ಚೆನ್ನಾಗಿದೆ ಗುರುಗಳೇ," ಎಂದ ಶಿಷ್ಯ. "ಆದರೆ ನನ್ನ ಪ್ರಶ್ನೆ ಎಸೆಯದೆ ಸುಮ್ಮನಿದ್ದವರದು."

ಗುರು ಅವನ ಜುಬ್ಬವನ್ನು ಕೊರಳಿಂದ ಅಂಚಿನ ತನಕ ನಿಧಾನವಾಗಿ ನೋಡಿದರು.

"ನೀನು ಅಲ್ಲೇ ಪಕ್ಕದಲ್ಲಿದ್ದೆ ಎಂದೆಯಲ್ಲ ಮಗು, ಇದು ಇಷ್ಟು ಬೆಳ್ಳಗೆ ಹೇಗೆ ಉಳಿಯಿತು?"