ಹೆಗಲ ಮೇಲಿನ ಮಚ್ಚೆ

ಒಂದು ಒಗಟು. ಏಳು ಸಲ ಕೋವಿಗೆ ಗುರಿಯಾಗಿ, ಏಳು ಸಲವೂ ನಡಕೊಂಡೇ ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕಿದವರು ಯಾರು?

ತಲೆ ಕೆರೆದುಕೊಳ್ಳಬೇಡಿ, ಸಿಗಲ್ಲ. ಜವರನಿಗೆ ಸಿಕ್ಕಿತು. ಸಿಕ್ಕಿದ್ದು ಮಾತ್ರ ಕೋವಿ ಒತ್ತಿದ ಮೇಲೆ.

ಬೇಟೆಗೆ ಅಡ್ಡಿಯಿಲ್ಲದ ಕಾಲ ಅದು. ಹೊಳೆದಂಡೆಯ ಗುಡಿಸಲಲ್ಲಿ ಮಾಸ್ತಯ್ಯ ಎಂಬ ಬೇಟೆ ಗುರುಗಳಿದ್ದರು. ಜವರ ಅವರ ಶಿಷ್ಯ. ಮೂರು ವರ್ಷದಿಂದ ಕೋವಿ ಒರೆಸಿದ್ದೇ ಬಂತು, ಒಂದು ಸಲವೂ ಹೊಡೆದಿರಲಿಲ್ಲ.

ಅವತ್ತು ಬೆಳಿಗ್ಗೆ ಗುರುಗಳು ಬಂಡೆಯ ಮೇಲೆ ಎರಡು ದುರ್ಬೀನು ಇಟ್ಟರು. ಒಂದು ಮೊಳದುದ್ದದ್ದು. ಇನ್ನೊಂದು ಅಂಗೈಯಲ್ಲಿ ಅಡಗುವಂಥದ್ದು.

"ಮರಗಳ ನಡುವೆ ನಡೀತಾ ಆಡೋ ಬೇಟೆ ಇದು. ಒಂದು ಆರಿಸ್ಕೊ. ಸರಿಯಾಗಿ ಆರಿಸಿದ್ರೆ ಇವತ್ತಿಂದ ಕೋವಿ ನಿನ್ನದು."

"ತಪ್ಪಿದ್ರೆ?"

"ತಪ್ಪಿದ್ರೆ ಗೊತ್ತಾಗ್ತದೆ."

ಜವರ ಹೊಳೆಯಾಚೆಯ ಮರವನ್ನು ಎರಡರಲ್ಲೂ ನೋಡಿದ.

"ಚಿಕ್ಕದು ಆಟದ ಸಾಮಾನು ಗುರುಗಳೇ. ಕಾಗೆ ಬರೀ ಕಾಗೆಯಾಗೇ ಕಾಣ್ತದೆ. ದೊಡ್ಡದರಲ್ಲಿ ಅದರ ಮೂಗಿನ ತೂತೂ ಕಾಣ್ತದೆ."

"ಕಂಡು ಏನ್ಮಾಡ್ತೀ? ನೆಗಡಿಯಾ ಅಂತ ಕೇಳ್ತೀಯಾ?"

ಜವರ ನಕ್ಕು ದೊಡ್ಡದನ್ನೇ ಕೊರಳಿಗೆ ಹಾಕಿಕೊಂಡ. ಗುರುಗಳು ಕೋವಿ ಕೊಟ್ಟರು. ನಿಯಮ ನೆನಪಿಸಿದರು.

"ಕಿವಿ, ಕಾಲು, ಬಾಲ. ಮೂರೂ ಕಂಡ ಮೇಲೇ ಬೆರಳು."

ಕಾಡು ಹೊಕ್ಕರು. ಹೆಜ್ಜೆಗೊಂದು ಸಲ ದುರ್ಬೀನು ಎದೆಗೆ ಗುದ್ದುತ್ತಿತ್ತು. ಎತ್ತಿ ನೋಡಿದರೆ ಮೊರದಗಲದ ಒಂದು ಎಲೆ. ಅತ್ತ ತಿರುಗಿಸಿದರೆ ತೊಗಟೆ, ತೊಗಟೆಯ ಮೇಲೊಂದು ಇರುವೆ. ಉಸಿರು ಬಿಟ್ಟರೆ ಇರುವೆಯೂ ಕುಣಿಯುತ್ತಿತ್ತು. ಆದರೂ ಜವರನಿಗೆ ಖುಷಿಯೋ ಖುಷಿ. ಕೋವಿ ಹೆಗಲ ಮೇಲಿತ್ತಲ್ಲ.

ಪೊದೆಯ ಹಿಂದೆ ಏನೋ ಅಲುಗಿತು.

"ಕಡವೆ ಗುರುಗಳೇ," ಜವರ ಪಿಸುಗುಟ್ಟಿದ. "ಕಂದು ಕೂದಲು. ಹೆಗಲ ಮೇಲೆ ದುಂಡಗೆ ಒಂದು ಬಿಳಿ ಮಚ್ಚೆ. ಹಳೇ ಗಾಯ ಇರಬೇಕು. ಪಳಗಿದ ಗಂಡು."

"ಕಿವಿ?"

"ಕಂಡ ಹಾಗಾಯ್ತು."

"ಕಾಲು?"

"ಹುಲ್ಲೊಳಗಿವೆ."

"ಬಾಲ?"

"ಬಾಲ ಇಲ್ದಿರೋ ಕಡವೆ ಎಲ್ಲಿರ್ತದೆ ಗುರುಗಳೇ?"

"ಹಂಗಾರೆ ಹೊಡಿ."

ಜವರ ಒತ್ತಿದ.

ಟಕ್ ಅಂತು, ಅಷ್ಟೇ. ಗುಂಡು ಹಾರಲಿಲ್ಲ.

ಕಡವೆ ಎದ್ದು ನಿಂತಿತು. ಅದರ ಕೈಯಲ್ಲಿ ಅಣಬೆಯ ಬುಟ್ಟಿಯಿತ್ತು.

"ಇವನೂ ಹೊಡೆದನಾ?" ಅಂದರು ಗುರುಪತ್ನಿ ಈರಮ್ಮ, ತಲೆಯ ಮೇಲಿನ ಕಂಬಳಿ ಕೊಪ್ಪೆ ಸರಿಸುತ್ತ. "ಇವನು ಏಳನೆಯವನು. ನಾನು ಸತ್ತೂ ಸತ್ತೂ ಸಾಕಾಯ್ತು ಕಣ್ರೀ. ಮುಂದಿನ ಸಲ ನೀವೇ ಕೂತ್ಕೊಳ್ಳಿ."

ಜವರ ಕೂತುಬಿಟ್ಟ. ಕೋವಿ ಅವನ ಕೈಯಿಂದ ಜಾರಿದ್ದು ಅವನಿಗೇ ಗೊತ್ತಾಗಲಿಲ್ಲ. ನಿನ್ನೆ ರಾತ್ರಿ ಮುದ್ದೆ ಬಡಿಸಿದ ಕೈಯದು. ಇನ್ನೊಂದು ಹಾಕ್ಕೋ ಮಗ ಅಂದ ಬಾಯದು.

ಗುರುಗಳು ಚಿಕ್ಕ ದುರ್ಬೀನನ್ನು ಅವನ ಕಣ್ಣಿಗೆ ಹಿಡಿದರು. ಮರ ಕಂಡಿತು, ಪೊದೆ ಕಂಡಿತು, ಎರಡರ ನಡುವಿನ ಕಾಲುದಾರಿ ಕಂಡಿತು. ಮುಡಿಯಿಂದ ಪಾದದ ತನಕ ಈರಮ್ಮ ಕಂಡರು. ಉಸಿರು ಬಿಟ್ಟರೂ ಕುಣಿಯಲಿಲ್ಲ.

"ನೀವೇ ಹೊಡಿ ಅಂದ್ರಲ್ಲ," ಅಂದ ಜವರ.

"ಅಂದೆ. ಕಾಡೂ ಹಾಗೇ ಅಂತದೆ. ನಾನಂದಾಗ ತೋಟಾ ನನ್ನ ಜೇಬಲ್ಲಿರ್ತದೆ."

ಗುರುಗಳು ಅವನ ಪಕ್ಕ ಕೂತರು.

"ನಿನ್ನ ಕೊರಳಲ್ಲಿರೋದು ಒಂದು ಕಾಲಕ್ಕೆ ನನ್ನ ಕೊರಳಲ್ಲಿತ್ತು. ನಾನೂ ಕಡವೆ ಅಂದೆ. ಅವತ್ತು ಕೋವಿ ಖಾಲಿ ಇರಲಿಲ್ಲ. ಕಂಬಳಿ ಹೊದ್ದು ಕೂತಿದ್ದವನು ನನ್ನ ತಮ್ಮ."

"ಆಮೇಲೆ?"

"ಗುಂಡು ಹಾರ್ತು. ಕಂಬಳಿ ಅಲ್ಲಾಡ್ತು. ಅವನು ಎದ್ದು ನಿಂತ. ನಕ್ಕ. 'ಅಣ್ಣ, ಕಡವೆಗೆ ಹಸಿವಾಗ್ತಿದೆ, ಮನೆಗೆ ಹೋಗಾಣ' ಅಂದ."

ಜವರನಿಗೆ ಹೋದ ಉಸಿರು ಬಂತು.

"ಸದ್ಯ. ನಾನು ಏನೇನೋ ಅಂದ್ಕೊಂಡೆ. ಈಗೆಲ್ಲಿದ್ದಾರೆ ಗುರುಗಳೇ ಅವರು?"

ಈರಮ್ಮ ಕಂಬಳಿ ಮಡಚತೊಡಗಿದರು. ಹೆಗಲ ಹತ್ತಿರ ಬಿಳಿ ಬಟ್ಟೆಯ ದುಂಡನೆಯ ತೇಪೆ. ಅದು ಒಳಗೆ ಬರುವ ಹಾಗೆ ಮಡಚಿದರು.

ಗುರುಗಳು ಚಿಕ್ಕ ದುರ್ಬೀನನ್ನು ಶಿಷ್ಯನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದರು.

"ಕಂಬಳಿ ಅಲ್ಲಾಡೋ ತನಕ ನಿಜ, ಮಗ. ಅಲ್ಲಿಂದಾಚೆಗೆ ನಾನು ಕಟ್ಟಿದ್ದು."